ಎರಡು ಹೊತ್ತಿನ ತುಪ್ಪ

ಯಾರು ಎಷ್ಟು ಚೆನ್ನಾಗಿ ಬದುಕುತ್ತಿದ್ದಾರೆಂದು ತಿಳಿಯಲು ಸರ್ಕಾರಕ್ಕೆ ಊರೆಲ್ಲ ಸುತ್ತಬೇಕಾಗುತ್ತದೆ. ನನಗೆ ಪಕ್ಕದ ಮನೆಯೊಂದೇ ಸಾಕಾಗಿತ್ತು. ಮಕ್ಕಳೇ, ನಿಮ್ಮ ತಾತ ಕಾರ್ಖಾನೆಯಲ್ಲಿದ್ದಾಗ ಹಲಸೂರಿನ ಆಚೆ ಒಂದು ಜೋಡಿಮನೆಯಲ್ಲಿದ್ದೆವು. ಗೋಡೆಯ ಆ ಕಡೆ ಕಮಲಮ್ಮ. ಇಬ್ಬರ ಗಂಡಂದಿರಿಗೂ ಒಂದೇ ಕಾರ್ಖಾನೆ, ಒಂದೇ ಸಂಬಳ. ಆದರೂ ಆಕೆಯ ಒಗ್ಗರಣೆ ನಮ್ಮದಕ್ಕಿಂತ ಜೋರಾಗಿ ಸಿಡಿಯುತ್ತದೆ ಅನ್ನಿಸುತ್ತಿತ್ತು. ಆಕೆಯ ಹಗ್ಗದ ಮೇಲೆ ಹೊಸ ಸೀರೆ ಒಣಗಿದ ದಿನ ನನ್ನ ಸಾರಿಗೆ ಉಪ್ಪು ಹೆಚ್ಚಾಗುತ್ತಿತ್ತು.

ಒಂದು ಯುಗಾದಿಗೆ ಮುಂಚೆ, ಮನೆಮನೆಯ ಊಟ, ಬಟ್ಟೆಯ ವಿಚಾರ ಕೇಳಿಕೊಂಡು ಸರ್ಕಾರದ ಕಡೆಯ ಹುಡುಗಿಯೊಬ್ಬಳು ಬಂದಳು. ಹಳ್ಳಿ ಶಾಲೆಯಲ್ಲಿ ಕಲಿತ ನಾನು ಹೊರಗಿನವರ ಮುಂದೆ ಬಾಯಿ ಬಿಡುವವಳಲ್ಲ. ಒಳಗೆ ಕರೆಯಲು ನಾಚಿ, ಎರಡೂ ಮನೆಗೆ ಸೇರಿದ ಜಗಲಿಯಲ್ಲಿ ಕೂರಿಸಿದೆ. ಕಮಲಮ್ಮನೂ ಬಂದು ಕೂತಳು. ಅಲ್ಲೇ ಎಡವಟ್ಟಾಯಿತು.

“ಯಾವ ಮನೆ ಮುಂದೆ ಬರ್ತಿದೆ, ಯಾವ್ದು ಹಿಂದೆ ಬಿದ್ದಿದೆ ಅಂತ ನೋಡ್ತೀವಮ್ಮ. ತುಪ್ಪ ಬಳಸ್ತೀರಾ?” ಎಂದಳು ಹುಡುಗಿ.

“ತುಪ್ಪ ಇಲ್ದೆ ನಮ್ಮೋರು ತಟ್ಟೆ ಮುಂದೆ ಕೂರೋದೇ ಇಲ್ಲ. ದಿನಾ ಬೇಕು,” ಎಂದಳು ಕಮಲಮ್ಮ.

ಹಿಂದೆ ಬಿದ್ದ ಮನೆ ನಮ್ಮದಾಗಬಾರದಲ್ಲ. “ನಮ್ಮಲ್ಲಿ ಎರಡು ಹೊತ್ತೂ,” ಎಂದೆ. ಮದುವೆಯಲ್ಲಿ ಗಂಡನ ಹೆಸರು ಹೇಳು ಎಂದು ಎಲ್ಲರೂ ಕಾಡಿದಾಗಲೂ ನನ್ನ ದನಿ ಅಷ್ಟು ಎದ್ದಿರಲಿಲ್ಲ. ನಿಜಕ್ಕೂ ಮನೆಯಲ್ಲಿದ್ದದ್ದು, ಹಬ್ಬದ ಒಬ್ಬಟ್ಟಿಗೆಂದು ಕೆನೆ ಕೂಡಿಟ್ಟು ಕಾಯಿಸಿದ ಒಂದು ಪುಟ್ಟ ಜಾಡಿ ತುಪ್ಪ.

ಹಬ್ಬದ ಬೆಳಿಗ್ಗೆ ಕಮಲಮ್ಮ ಲೋಟ ಹಿಡಿದು ಬಂದಳು. “ರೀ, ನಮ್ದು ನಿನ್ನೆ ತಾನೇ ಮುಗ್ದೋಯ್ತು. ಒಂಚೂರು ತುಪ್ಪ ಕೊಡ್ರೀ. ಎರಡು ಹೊತ್ತೂ ತಿನ್ನೋರ ಮನೇಲಿ ಕೇಳೋಕೆ ಏನು ಸಂಕೋಚ, ಅಲ್ವಾ?”

ಚಮಚದಲ್ಲಿ ಕೊಟ್ಟರೆ ಗುಟ್ಟು ರಟ್ಟಾಗುತ್ತದೆಂದು ಜಾಡಿಯನ್ನೇ ಬಗ್ಗಿಸಿದೆ. ಲೋಟ ತುಂಬಿತು. ಜಾಡಿಯ ತಳ ಆಕೆಗೆ ಕಾಣದಂತೆ ಬೆನ್ನು ತಿರುಗಿಸಿ ನಿಂತೆ.

ಮಧ್ಯಾಹ್ನ ನಿಮ್ಮ ತಾತ ಒಣ ಒಬ್ಬಟ್ಟನ್ನು ತಿನ್ನುತ್ತಿದ್ದರು. ಅಷ್ಟರಲ್ಲಿ ಕಮಲಮ್ಮ ತನ್ನ ಮನೆಯ ಒಬ್ಬಟ್ಟು ತಂದುಕೊಟ್ಟು ಹೋದಳು. ತಟ್ಟೆಯ ತುಂಬ ತುಪ್ಪ ಹರಿಯುತ್ತಿತ್ತು. ತಾತ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು.

“ಅವ್ರ ಮನೆ ತುಪ್ಪದ ಘಮಾನೇ ಬೇರೆ ಕಣೇ. ಹೆಂಗೆ ಕಾಯಿಸ್ತಾರೆ ಅಂತ ಒಂದ್ಸಲ ಕೇಳ್ಕೊಂಡು ಬಾ.”

“ಆಗಲಿ” ಎಂದೆ. ಅದೇ ತಟ್ಟೆಯಿಂದ ಒಂದು ಚೂರು ಮುರಿದು ತಿಂದು ನೋಡಿದೆ. ಬಹಳ ಚೆನ್ನಾಗಿತ್ತು. ಹೊಟ್ಟೆ ಇನ್ನಷ್ಟು ಉರಿಯಿತು.