ಸಂಪಿಗೆ ಮರದ ಬಾಧಿತರು

ಮಲ್ಲೇಶ್ವರದ ನಮ್ಮ ಕ್ರಾಸಿಗೆ ಮೇಲ್ಸೇತುವೆ ಬರುವುದಿತ್ತು. ಬಂದರೆ ನಮ್ಮ ಗೇಟಿನ ಮುಂದಿನ ಸಂಪಿಗೆ ಮರ ಹೋಗುವುದಿತ್ತು. ಅದನ್ನು ನೆಟ್ಟವಳು ನನ್ನ ಹೆಂಡತಿ ಶಾಂತಾ, ಮದುವೆಯಾಗಿ ಬಂದ ವರ್ಷ. ನನಗಿಂತ ಹೆಚ್ಚು ಮಾತು ಅದರ ಜೊತೆಯೇ ಆಡುತ್ತಾಳೆ.

“ಅಳಬೇಡ ಕಣೇ, ನಾನಿಲ್ವಾ?” ಎಂದೆ. ಈ ಮಾತು ಆಡಿದ ಮೇಲೆ ನಮ್ಮ ಮನೆಯಲ್ಲಿ ಒಳ್ಳೆಯದಾದ ಇತಿಹಾಸವೇ ಇಲ್ಲ!

ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಸೇತುವೆಯಿಂದ ಪರಿಸರಕ್ಕೆ ಏನೇನು ಹಾನಿ ಎಂದು ನೋಡಲು ಸರ್ಕಾರದ ಕಡೆಯಿಂದ ಒಬ್ಬ ಮೇಡಂ ಬಂದರು. ಮರದಡಿ ನಿಂತು ಕೇಳಿದರು: “ಇಲ್ಲಿ ಬಾಧಿತರು ಯಾರಾದ್ರೂ ಇದಾರಾ ಸರ್?”

ಅವರು ಕೇಳಿದ್ದು ಯೋಜನೆಯಿಂದ ತೊಂದರೆಯಾಗುವವರ ಬಗ್ಗೆ. ನನಗೆ ಗೊತ್ತಿದ್ದ ಬಾಧೆ ಒಂದೇ, ನಮ್ಮಜ್ಜಿ ಹೇಳುತ್ತಿದ್ದ ದೆವ್ವದ ಬಾಧೆ. ಸರ್ಕಾರವೇ ಮನೆಬಾಗಿಲಿಗೆ ಬಂದು ದೆವ್ವವನ್ನು ವಿಚಾರಿಸುತ್ತಿದೆ, ಇಂಥ ಅವಕಾಶ ಬಿಡುವುದುಂಟೇ?

ದನಿ ತಗ್ಗಿಸಿದೆ. “ಒಬ್ಬಳಿದಾಳೆ ಮೇಡಂ. ಬಿಳಿ ಸೀರೆ. ಮುಸ್ಸಂಜೇಲಿ ಹೂ ಆರಿಸ್ತಾಳೆ. ಮರಕ್ಕೆ ಕೊಡಲಿ ಹಾಕಿದೋನು ರಕ್ತ ಕಾರ್ತಾನೆ!”

“ಅದನ್ನ ಅಹವಾಲು ಸಭೇಲಿ ಹೇಳಿ ಸರ್,” ಎಂದು ಮೇಡಂ ಬೇಗಬೇಗ ಸ್ಕೂಟರ್ ಹತ್ತಿದರು. ಪಕ್ಕದ ಮನೆಯ ಜವಳಿ ಅಂಗಡಿ ವೀರಣ್ಣನವರು ಕಾಂಪೌಂಡಿನ ಆಚೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಮರುದಿನದಿಂದ ಸಂಜೆಯಾದರೆ ಕ್ರಾಸು ಖಾಲಿ. ವಾಕಿಂಗಿನವರು ಪಕ್ಕದ ಬೀದಿ ಹಿಡಿದರು. ಹೂವಿನವಳೂ ಬರಲಿಲ್ಲ. ನಾನು ಬೀಗುತ್ತಾ ಗೇಟು ಹಾಕಲು ಹೋದೆ.

ಮರದಡಿ ಬಿಳಿ ಸೀರೆ! ಬಗ್ಗಿ ಹೂ ಆರಿಸುತ್ತಿತ್ತು. ಮೆಲ್ಲಗೆ ನನ್ನ ಕಡೆ ತಿರುಗತೊಡಗಿತು.

“ಅಯ್ಯಯ್ಯೋ ಶಾಂತಾ!” ಇಡೀ ಬೀದಿಗೆ ಕೇಳುವಂತೆ ಕಿರುಚಿ ಒಳಗೆ ಓಡಿದೆ.

ಅಡುಗೆಮನೆಯಲ್ಲಿದ್ದ ಶಾಂತಾ ಹೊರಗೆ ಹೋಗಿ ನೋಡಿ ಬಂದಳು. “ಯಾರೂ ಇಲ್ಲಾರೀ,” ಎಂದಳು. “ನೆಲದ ಮೇಲೆ ಒಂದು ಹೂವೂ ಇಲ್ಲ.”

ಜನರ ಅಹವಾಲು ಕೇಳುವ ಸಭೆಯಲ್ಲಿ ಮೊದಲು ಎದ್ದವರೇ ವೀರಣ್ಣನವರು. “ಸೇತುವೆ ಕಟ್ಟಿ, ಬಿಡಿ, ಅದು ನಿಮ್ಮಿಷ್ಟ ಸ್ವಾಮಿ. ಮೊದ್ಲು ಆ ಮರ ತೆಗೆಸಿ!”

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. “ಬಾಧೆ ಇದೆ ಅಂದೋರು ಯಾರು?” ಎಂದರು ಅಧಿಕಾರಿ. ಎಲ್ಲರೂ ನನ್ನನ್ನು ನೋಡಿದರು. ಶಾಂತಾ ಕೂಡ.

“ಸುಳ್ಳು ಸಾರ್! ನಾನೇ ಕಟ್ಟಿದ ಕಥೆ!”

“ಪಾಪ,” ಎಂದರು ವೀರಣ್ಣನವರು, “ಆ ಬಿಳಿ ಸೀರೆಯೋಳೇ ಹಾಗೆ ಹೇಳಿಸ್ತಿದಾಳೆ.”

ಜನರ ಅಹವಾಲಿಗೆ ಪೂರ್ತಿ ಮನ್ನಣೆ ಸಿಕ್ಕಿತು. ಬಾಧೆಯ ಜಾಗವೆಂದು ಸೇತುವೆ ಕೈಬಿಟ್ಟರು. ನಿಂಬೆಹಣ್ಣು ಮಂತ್ರಿಸಿಟ್ಟು ಮರ ಕಡಿದರು! ಶಾಂತಾ ಅಳಲಿಲ್ಲ. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ನಿನ್ನೆ ಮುಸ್ಸಂಜೆ ಬರಿ ಗೇಟಿನ ಮುಂದೆ ನಿಂತಿದ್ದೆ. ಘಮ್ಮೆಂದು ಸಂಪಿಗೆ ವಾಸನೆ!

“ಶಾಂತಾ, ನಿಂಗೂ ಬಂತೇನೇ?”

“ಇಲ್ಲ,” ಎಂದಳು, ಬೀಗ ಹಾಕುತ್ತಾ. “ಈ ಮನೇಲಿ ಬಾಧಿತರು ನೀವೊಬ್ರೇ ಕಣ್ರೀ.”