ಪ್ರಾಣಿಗಳು ಕಡಿಮೆಯಾದ ಸೀರಿಯಲಿನಲ್ಲಿ ನನ್ನ ಕಾಲು ಪಾಲು

ಮಂಗಳೂರಿನ ಶಕ್ತಿನಗರದಲ್ಲಿ ನಮ್ಮದೊಂದು ಜಾಗ ಉಂಟು. ಒಂದು ಎಕರೆಗೆ ಸ್ವಲ್ಪ ಕಡಿಮೆ, ಮಧ್ಯದಲ್ಲಿ ಹಂಚಿನ ಹಳೆ ಗೋದಾಮು. ಅದನ್ನು ಮೂರು ವರ್ಷದ ಮಟ್ಟಿಗೆ, ಬಾಡಿಗೆ ಇಲ್ಲದೆ, ಒಂದು ಟಿ.ವಿ. ಸೀರಿಯಲಿಗೆ ಬಿಟ್ಟುಕೊಟ್ಟೆ. ಬದಲಿಗೆ ಲಾಭದಲ್ಲಿ ಕಾಲು ಪಾಲು ನನಗೆ. ವ್ಯವಹಾರ ಇಷ್ಟೇ. ಅದೇ ವಾರ ಒಬ್ಬ ಬಿಲ್ಡರ್ ಮುಂಗಡ ಹಿಡಿದುಕೊಂಡು ಬಂದಿದ್ದ. ಅವನಿಗೆ ಚಾ ಕೊಟ್ಟು ಕಳಿಸಿದೆ.

ಬಂದರಿನಲ್ಲಿ ನನ್ನದು ಹಿಂಡಿ, ಬೂಸ, ಕೋಳಿ ಆಹಾರದ ಸಗಟು ವ್ಯಾಪಾರ. ವ್ಯಾಪಾರದಲ್ಲಿ ಇದ್ದವನ ಹತ್ತಿರ ಎಂಥೆಂಥವರೋ ಎಂಥೆಂಥದೋ ಪಾಲು ಹಿಡಿದುಕೊಂಡು ಬರುತ್ತಲೇ ಇರುತ್ತಾರೆ. ಹೆಚ್ಚಿನದನ್ನು ಮೆಟ್ಟಿಲಲ್ಲೇ ತಿರುಗಿಸಿ ಕಳಿಸುತ್ತೇನೆ. ಎಲ್ಲೋ ಒಂದು ಒಳಗೆ ಬಂದುಬಿಡುತ್ತದೆ. ಬಂದದ್ದು ಸುಮ್ಮನೆ ಹೋಗುವುದಿಲ್ಲ.

ಈ ಸೀರಿಯಲಿನ ನಿರ್ದೇಶಕರು ಒಂದು ಕಾಲಕ್ಕೆ ಬ್ಯಾಂಕಿನಲ್ಲಿದ್ದವರು. ಹಕ್ಕಿ, ಪ್ರಾಣಿ ಎಂದರೆ ಊಟ ಬಿಡುವ ಮನುಷ್ಯ. ಕದ್ರಿಯಲ್ಲಿದ್ದ ಸ್ವಂತ ಫ್ಲಾಟನ್ನು ಅಡವಿಟ್ಟು ಕೈ ಹಾಕಿದ್ದರು. ಚಾನೆಲಿನೊಂದಿಗೆ ಕರಾರು ಮೂರು ವರ್ಷದ್ದು. ನಡುವೆ ನಿಂತರೆ ಫ್ಲಾಟ್ ಹೋಯಿತು ಎಂದೇ ಅರ್ಥ. ಕತೆ ನನಗೆ ಹಿಡಿಸಿತ್ತು: ಕಾಡಂಚಿನಲ್ಲಿ ಒಬ್ಬ ಪ್ರಾಣಿ ಡಾಕ್ಟರ್, ಅವನ ಹೆಂಡತಿ, ತಾಯಿ. ಗಾಯಗೊಂಡ ಪ್ರಾಣಿಗಳನ್ನು ಸಾಕಿ, ಗುಣಮಾಡಿ ಕಾಡಿಗೆ ಬಿಡುವುದು. ವಾರಕ್ಕೊಂದು ಪ್ರಾಣಿ. ಇಷ್ಟು ಪ್ರಾಣಿ ಬಂದರೆ ಆಹಾರ ನನ್ನ ಅಂಗಡಿಯಿಂದಲೇ ಹೋಗುತ್ತದಲ್ಲ ಎಂಬ ಯೋಚನೆಯೂ ನನಗಿತ್ತು. ಹೇಳಿದೆ. ನಿರ್ದೇಶಕರು ಬಹಳ ಮರ್ಯಾದೆಯಿಂದಲೇ, "ಚಿರತೆ ಹಿಂಡಿ ತಿನ್ನುವುದಿಲ್ಲ ಶೆಟ್ರೇ" ಎಂದರು.

ಗರುಡನ ಸಂಭಾವನೆ

ಮೊದಲ ವರ್ಷ ನಿಜವಾಗಿ ಚೆನ್ನಾಗಿತ್ತು. ಆ ಅರ್ಧ ಗಂಟೆ ನಮ್ಮ ಮನೆಯಲ್ಲಿ ಒಲೆ ಆರಿಸಿ ಕೂರುತ್ತಿದ್ದರು. ಕಾಡುಪ್ರಾಣಿ ಹಿಡಿದು ತರುವ ಹಾಗಿಲ್ಲ, ಕಾನೂನು ಉಂಟು. ಹಾಗಾಗಿ ಅವು ಇರುವಲ್ಲಿಗೆ ಇವರೇ ಹೋಗಿ ಕಾಯುತ್ತಿದ್ದರು. ಕಾಯುವುದರಲ್ಲಿ ನಿರ್ದೇಶಕರನ್ನು ಮೀರಿಸುವವರಿಲ್ಲ.

ಒಂದು ದಿನ ಗರುಡ ಬೇಕೆಂದು ಇಡೀ ತಂಡ ಫೆರಿ ಹತ್ತಿ ಬೆಂಗ್ರೆಗೆ ಹೋಯಿತು. ನನ್ನ ಪಾಲು ಹೇಗೆ ನಡೆಯುತ್ತಿದೆ ಎಂದು ನೋಡಲು ನಾನೂ ಹೋದೆ. ಬೋಟುಗಳ ಮೇಲೆ, ಬಲೆಗಳ ಮೇಲೆ ದಿನಾ ಹತ್ತಾರು ಗರುಡ ಸುತ್ತುವ ಜಾಗ. ಆದರೆ ಇಷ್ಟು ಕೊಡೆ, ಲೈಟು, ಜನ ನೋಡಿ ಒಂದೂ ಇಳಿಯಲಿಲ್ಲ. ಮಧ್ಯಾಹ್ನವಾಯಿತು. ತಾಯಿಯ ಪಾತ್ರ ಮಾಡುವವರು ತುಳು ನಾಟಕದಲ್ಲಿ ಹೆಸರು ಮಾಡಿದ ಹಿರಿಯ ಹೆಂಗಸು. ಎಲ್ಲರೂ ಅವರನ್ನು ಅಮ್ಮ ಎಂದೇ ಕರೆಯುವುದು. ಅವರು ಮರಳಿನಲ್ಲಿ ಕೂತು ಬಾಳೆಲೆ ಬಿಚ್ಚಿದರು. ಮನೆಯಿಂದ ತಂದ ಬಂಗುಡೆ ಫ್ರೈ.

ಆಗ ಬಂತು. ನೆತ್ತಿಯ ಮೇಲೆಯೇ ಒಂದು ಸುತ್ತು ಹಾಕಿತು. ಗರುಡನನ್ನು ಕಂಡರೆ ಕೈಮುಗಿಯದೆ ಇರುವವರು ನಮ್ಮಲ್ಲಿ ಕಡಿಮೆ. ಅಮ್ಮ ಊಟ ಬಿಟ್ಟು, ಎರಡೂ ಕೈ ಜೋಡಿಸಿ, ಭಕ್ತಿಯಿಂದ ಕಣ್ಣು ಮುಚ್ಚಿದರು. ಕಣ್ಣು ತೆರೆಯುವಾಗ ಎಲೆಯಲ್ಲಿ ಬಂಗುಡೆ ಇರಲಿಲ್ಲ. ಮುಗಿದ ಕೈ ಹಾಗೆಯೇ ಇತ್ತು, ಬಾಯಿಯಿಂದ ಮಾತ್ರ ತುಳುವಿನಲ್ಲಿ ಬೇರೆ ಮಂತ್ರ ಶುರುವಾಯಿತು. ಕ್ಯಾಮೆರಾ ಎಲ್ಲವನ್ನೂ ಹಿಡಿದಿತ್ತು. ಅದನ್ನು ಕತೆಗೆ ಸೇರಿಸಿದರು. ಊರಿಗೆ ಊರೇ ನಕ್ಕಿತು.

ಸಂಜೆ ಫೆರಿಯಲ್ಲಿ ವಾಪಸು ಬರುವಾಗ ನಾನು ನಿರ್ದೇಶಕರಲ್ಲಿ, ಇಷ್ಟು ಒಳ್ಳೆ ನಟನೆ ಮಾಡಿದ ಹಕ್ಕಿಗೆ ಸಂಭಾವನೆ ಎಂತದೂ ಇಲ್ಲವಾ ಎಂದು ಕೇಳಿದೆ. ಉತ್ತರ ಹಿಂದಿನ ಸೀಟಿನಿಂದ ಬಂತು.

"ಅದಕ್ಕೆ ಮುಂಗಡವೇ ಸಿಕ್ಕಿಯಾಯ್ತು," ಎಂದರು ಅಮ್ಮ. "ನನ್ನದು ಮಾತ್ರ ಬಾಕಿ."

ನಾನೇ ಚಿರತೆ

ಎರಡನೇ ವರ್ಷ ಬೆಂಗಳೂರಿನಿಂದ ಚಾನೆಲಿನವನು ಬಂದ. ಚೆನ್ನಾಗಿ ಮಾತನಾಡುವ ಹುಡುಗ, ಬೂಟು ಮಾತ್ರ ಬಹಳ ಬಿಳಿ. ಅವನು ಹೇಳಿದ್ದರ ಸಾರ ಇದು: ಹಿಂದಿನ ವರ್ಷ ಜನ ಅತಿ ಹೆಚ್ಚು ನೋಡಿದ್ದು ಆನೆಯನ್ನಲ್ಲ, ಗರುಡನನ್ನೂ ಅಲ್ಲ. ಮುಳ್ಳುಹಂದಿಯನ್ನು ಅಡುಗೆಮನೆಯಲ್ಲಿ ಇಡಬಹುದಾ ಎಂದು ಅತ್ತೆ ಸೊಸೆ ಜಗಳವಾಡಿದ್ದನ್ನು. ಆದ್ದರಿಂದ ಅತ್ತೆ ಇರಲಿ, ಸೊಸೆ ಇರಲಿ, ಅಡುಗೆಮನೆಯೂ ಇರಲಿ. ಮುಳ್ಳುಹಂದಿ ಕಡ್ಡಾಯವಲ್ಲ. ಕಾಯುವುದಕ್ಕೆ ಇನ್ನು ಮುಂದೆ ದುಡ್ಡು ಬರುವುದಿಲ್ಲ ಎಂದೂ ಹೇಳಿದ.

ನಿರ್ದೇಶಕರು ಒಪ್ಪಿಕೊಂಡರು. ಅವರ ಕಣ್ಣ ಮುಂದೆ ಕದ್ರಿಯ ಫ್ಲಾಟ್ ಇತ್ತು.

ಅಂದಿನಿಂದ ಪ್ರಾಣಿಗಳು ಚೌಕಟ್ಟಿನ ಹೊರಗೇ ಉಳಿದವು. "ಅಯ್ಯೋ, ಚಿರತೆ" ಎಂದು ಎಲ್ಲರೂ ಒಂದು ಕಡೆ ನೋಡುವುದು, ಗುರ್ ಎಂಬ ಶಬ್ದ ಆಮೇಲೆ ಸೇರಿಸುವುದು. ಮೊದಲ ದಿನ ಡಾಕ್ಟರ್ ಬಾಗಿಲಿನ ಕಡೆ ನೋಡಿದ, ಸೊಸೆ ಕಿಟಕಿ ಕಡೆ, ಅಮ್ಮ ಮೇಲೆ ಮಾಡಿನ ಕಡೆ. ಟಿ.ವಿ.ಯಲ್ಲಿ ನೋಡಿದರೆ ಮನೆಯೊಳಗೆ ಮೂರು ಚಿರತೆ ಹೊಕ್ಕ ಹಾಗೆ ಕಾಣುತ್ತಿತ್ತು. ಎಲ್ಲರೂ ನೋಡಲಿಕ್ಕೆ ಒಂದು ಗುರುತು ಬೇಕಾಯಿತು. ನಾನು ಸಂಜೆ ಅಂಗಡಿ ಮುಚ್ಚಿ ಬಂದು ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರುವುದು ರೂಢಿ. ನಿರ್ದೇಶಕರು ನನ್ನನ್ನು ತೋರಿಸಿ, "ಶೆಟ್ರನ್ನು ನೋಡಿ ಸಾಕು" ಎಂದರು.

ಹಾಗೆ ಆ ಮಳೆಗಾಲ ಪೂರ್ತಿ ನಾನು ಚಿರತೆಯಾದೆ, ಕಾಡುಕೋಣವಾದೆ, ತಾಯಿಯನ್ನು ಕಳೆದುಕೊಂಡ ಕಡವೆಯ ಮರಿಯಾದೆ. ಸೊಸೆಯ ಪಾತ್ರದ ಹುಡುಗಿ ನನ್ನನ್ನು ನೋಡಿ ಕಣ್ಣೀರು ಹಾಕಿದಳು. ಡಾಕ್ಟರ್ ನನ್ನ ಕಡೆ ಅರಿವಳಿಕೆಯ ಬಂದೂಕು ಹಿಡಿದು ನಿಂತ. ನಾನು ಅಲುಗಾಡಬಾರದು, ಚಾ ಕುಡಿಯಬಾರದು, ಫೋನು ಎತ್ತಬಾರದು.

ಮನೆಯಲ್ಲಿ ಹೆಂಡತಿಗೆ ವಿಷಯ ಹೇಳಿರಲಿಲ್ಲ. ಆದರೆ ಯಾರೋ ಹೇಳಿದರು. ಮುಂದಿನ ಕಂತನ್ನು ಅವಳು ಬಹಳ ಗಮನವಿಟ್ಟು ನೋಡಿದಳು. ಮುಗಿದ ಮೇಲೆ ರಿಮೋಟ್ ಕೆಳಗಿಟ್ಟು ಒಂದೇ ಮಾತು ಹೇಳಿದಳು.

"ಅವರು ಹೆದರಿದ್ದು ಮಾತ್ರ ನಟನೆ ಅಂತ ಅನಿಸ್ಲೇ ಇಲ್ಲ ಮಾರಾಯ್ರೆ."

ನೆಂದ ನೀರುನಾಯಿ

ಏನೂ ಇಲ್ಲದಿದ್ದರೆ ಜನ ಬೈಯುತ್ತಾರೆ ಎಂದು ಚಾನೆಲಿನವನಿಗೇ ಅನ್ನಿಸಿರಬೇಕು. ಬೆಂಗಳೂರಿನಿಂದ ಸ್ಪಂಜಿನ ನೀರುನಾಯಿ ಕಳಿಸಿದ. ನೋಡಲಿಕ್ಕೆ ಲಾಯಕ್ಕಿತ್ತು. ಗಾಜಿನ ಕಣ್ಣು, ನಿಜವಾದ ಮೀಸೆಯ ಹಾಗೆ ಮೀಸೆ. ಡಾಕ್ಟರ್ ಹೊಳೆಗೆ ಧುಮುಕಿ ಅದನ್ನು ಎತ್ತಿಕೊಂಡು ಬರುವುದು ದೃಶ್ಯ.

ಧುಮುಕಿದ. ಎತ್ತಿದ. ಆದರೆ ಸ್ಪಂಜಿನ ಸ್ವಭಾವ ಎಂತದು ಎಂದು ಯಾರೂ ಯೋಚಿಸಿರಲಿಲ್ಲ. ದಡಕ್ಕೆ ಬರುವಷ್ಟರಲ್ಲಿ ಅದು ಅರ್ಧ ಹೊಳೆಯನ್ನು ಕುಡಿದಿತ್ತು. ಡಾಕ್ಟರ್ ಮೊದಲು ಎದೆಗೆ ಅಪ್ಪಿಕೊಂಡಿದ್ದವನು, ಆಮೇಲೆ ಹೆಗಲಿಗೆ ಹಾಕಿ, ಕೊನೆಗೆ ಬಾಲ ಹಿಡಿದು ಎಳೆದುಕೊಂಡು ಬಂದ. ಯಾರು ಯಾರ ಜೀವ ಉಳಿಸಿದ್ದು ಎಂದು ಹೇಳುವ ಹಾಗಿರಲಿಲ್ಲ. ಮರುದಿನ ಮತ್ತೆ ಬೇಕೆಂದು ನಮ್ಮ ಜಾಗದಲ್ಲೇ ಎರಡು ತೆಂಗಿನ ಮರಕ್ಕೆ ಹಗ್ಗ ಕಟ್ಟಿ, ತಲೆ ಕೆಳಗಾಗಿ ನೇತುಹಾಕಿದರು.

ನಮ್ಮ ಜಾಗದ ಹಿಂದಿರುವ ಫ್ಲಾಟಿನ ಬಾಲ್ಕನಿಯಿಂದ ಯಾರೋ ಅದನ್ನು ನೋಡಿ ಅರಣ್ಯ ಇಲಾಖೆಗೆ ಫೋನು ಮಾಡಿದರು: ಇಲ್ಲಿ ಕಾಡುಪ್ರಾಣಿ ಕೊಂದು ಒಣಗಿಸುತ್ತಿದ್ದಾರೆ. ಗಾರ್ಡ್ ಬಂದರು. ಜಾಗ ನನ್ನ ಹೆಸರಿನಲ್ಲಿ ಇರುವುದರಿಂದ ನನ್ನನ್ನೂ ಅಂಗಡಿಯಿಂದ ಕರೆಸಿದರು. ನಾನು ವಕೀಲರನ್ನು ಕರೆದುಕೊಂಡೇ ಹೋದೆ. ವ್ಯವಹಾರದಲ್ಲಿ ಇದು ಅಭ್ಯಾಸ.

ಗಾರ್ಡ್ ಪ್ರಾಣಿಯ ಸುತ್ತ ಒಂದು ಸುತ್ತು ಬಂದು, ಹೊಟ್ಟೆಗೆ ಕೈ ಹಾಕಿ ಒತ್ತಿದರು. ಒಂದು ಬಕೆಟಿನಷ್ಟು ನೀರು ಅವರ ಬೂಟಿನ ಮೇಲೆಯೇ ಇಳಿಯಿತು. ಅವರು ಒಂದೊಂದೇ ಕಾಲೆತ್ತಿ ಬೂಟು ಕೊಡವಿದರು.

"ಶೆಟ್ರೇ, ಇದು ನಮ್ಮ ಇಲಾಖೆಗೆ ಬರುವುದಿಲ್ಲ," ಎಂದರು. "ಹಾಸಿಗೆ ಅಂಗಡಿಯವರಿಗೆ ಹೇಳಿ."

ನವಿಲು ಓಡಿಸಿದ ದಿನ

ಇದರಲ್ಲಿ ನಗು ಕಡಿಮೆ.

ಮೂರನೇ ವರ್ಷ ಡಾಕ್ಟರನ ಸ್ಟೆತಸ್ಕೋಪ್ ಗೋಡೆಯ ಮೊಳೆಗೆ ಹೋಯಿತು. ಕತೆ ಪೂರ್ತಿ ಆಸ್ತಿಯ ಪಾಲು, ಬಂಗಾರ, ಕಳ್ಳ ಸಹಿ. ಕಾಡುಪ್ರಾಣಿ ಇದ್ದದ್ದು ಟೈಟಲ್ ಹಾಡಿನಲ್ಲಿ ಮಾತ್ರ. ನನ್ನ ಮೊಮ್ಮಗಳು ಹಾಡು ಶುರುವಾಗುವಾಗ ಓಡಿ ಬಂದು ಕೂತು, ಮುಗಿದ ಕೂಡಲೇ ಎದ್ದು ಹೋಗುತ್ತಿದ್ದಳು.

ಆದರೆ ಜಾಗದಲ್ಲಿ ಬೇರೆಯೇ ನಡೆಯುತ್ತಿತ್ತು. ಮೊದಲ ವರ್ಷ ಕಾಡಿನ ಹಾಗೆ ಕಾಣಲೆಂದು ನಿರ್ದೇಶಕರು ನೆಡಿಸಿದ್ದ ಅತ್ತಿ, ನೇರಳೆ, ಹಲಸು ಎಲ್ಲ ಆಳೆತ್ತರ ದಾಟಿದ್ದವು. ತೋಡಿಸಿದ್ದ ಸಣ್ಣ ಕೆರೆ ಬೇಸಗೆಯಲ್ಲೂ ಬತ್ತುತ್ತಿರಲಿಲ್ಲ. ಸುತ್ತಮುತ್ತಲಿನ ಗುಡ್ಡವನ್ನು ಜೆಸಿಬಿ ಕೆರೆದಷ್ಟೂ, ಅಲ್ಲಿದ್ದವು ಒಂದೊಂದಾಗಿ ಇಲ್ಲಿಗೆ ಬಂದವು. ಮುಂಗುಸಿ, ಮಿಂಚುಳ್ಳಿ, ನವಿಲು. ಯಾರೂ ಕರೆದಿರಲಿಲ್ಲ, ಕಾದಿರಲೂ ಇಲ್ಲ.

ಒಂದು ದಿನ ಸೊಸೆ ಮನೆ ಬಿಟ್ಟು ಹೋಗುವ ದೃಶ್ಯ. ಆ ಹುಡುಗಿ ಅಳಲು ಬಾಯಿ ತೆರೆಯುವಾಗಲೆಲ್ಲ ಗೋದಾಮಿನ ಮಾಡಿನ ಮೇಲಿಂದ ನವಿಲು ಅವಳಿಗಿಂತ ದೊಡ್ಡದಾಗಿ ಕೂಗುತ್ತಿತ್ತು. ಚಾನೆಲಿನವನು ಗಡಿಯಾರ ನೋಡಿ, "ಸರ್, ಆ ಪಕ್ಷಿನ ಓಡಿಸಿ ಸರ್, ಸೀನ್ ಹಾಳಾಗ್ತಾ ಇದೆ" ಎಂದ. ನಿರ್ದೇಶಕರು ಹೊರಗೆ ಬಂದರು. ಒಂದು ಗರುಡನಿಗಾಗಿ ಇಡೀ ದಿನ ಬಿಸಿಲಲ್ಲಿ ನಿಂತ ಮನುಷ್ಯ ಕೈ ಚಪ್ಪಾಳೆ ತಟ್ಟಿ, ಹುಶ್ ಹುಶ್ ಎಂದು ನವಿಲನ್ನು ಓಡಿಸತೊಡಗಿದರು. ಅದು ಕೆಳಗೆ ಹಾರಿ, ಕೆರೆಯ ಆಚೆ ಹೋಗಿ, ಅಲ್ಲಿಂದ ತಿರುಗಿ ಅವರನ್ನು ನೋಡಿತು. ಅವರ ಚಪ್ಪಾಳೆ ನಿಂತಿತು. ಕೈ ಮಾತ್ರ ಮೇಲೆಯೇ ಇತ್ತು.

"ಇನ್ನು ಎಷ್ಟು ಸಮಯ ಉಂಟು ಶೆಟ್ರೇ?" ಎಂದು ಕೇಳಿದರು.

ಕರಾರು ಮುಗಿಯಲು ಎರಡು ತಿಂಗಳು ಉಂಟು ಎಂದೆ. ಸರಿ ಎಂದು ಒಳಗೆ ಹೋದರು. ದೃಶ್ಯ ಚೆನ್ನಾಗಿಯೇ ಬಂತಂತೆ. ನಾನು ನೋಡಲಿಲ್ಲ.

ಅಮ್ಮನ ಸಾವು

ಕೊನೆಯ ಕಂತು. ಎಲ್ಲರೂ ಸೇರಿ ಅತ್ತು ಮುಗಿಸಬೇಕೆಂದು ಚಾನೆಲಿನವನು ಅಮ್ಮನ ಪಾತ್ರವನ್ನು ಸಾಯಿಸಿದ. ಗೋದಾಮಿನ ಜಗಲಿಯಲ್ಲಿ ಚಾಪೆ, ತಲೆಯ ಬಳಿ ದೀಪ, ಮೂಗಿಗೆ ಹತ್ತಿ. ಅಮ್ಮ ಮಲಗಿದ್ದು ಎಷ್ಟು ಚೆಂದ ಇತ್ತೆಂದರೆ, ಚಾ ತಂದವನು ದೂರದಲ್ಲೇ ಚಪ್ಪಲಿ ಬಿಟ್ಟು ಬಂದ. ಸುತ್ತ ಮಗ, ಸೊಸೆ, ನೆಂಟರು, ಬಾಡಿಗೆಗೆ ಬಂದ ಊರವರು. ಚಾನೆಲಿನವನು ಕ್ಯಾಮೆರಾದ ಪಕ್ಕ ನಿಂತು, ಯಾರೂ ಮಧ್ಯದಲ್ಲಿ ನಿಲ್ಲಿಸಬಾರದು, ಒಂದೇ ಹೊಡೆತಕ್ಕೆ ಬೇಕು ಎಂದು ಕಟ್ಟುನಿಟ್ಟು ಮಾಡಿದ.

ಅಳು ಜೋರಾಗಿ ಸಾಗಿತ್ತು. ಆಗ ಕೆರೆಯ ಕಡೆಯಿಂದ ಒಂದು ಉಡ ಬಂತು. ನನ್ನ ತೋಳಿಗಿಂತ ಉದ್ದ. ಅವಸರವೇ ಇಲ್ಲ. ಜಗಲಿಯ ಮೆಟ್ಟಿಲು ಹತ್ತಿ, ನಾಲಿಗೆ ಚಾಚಿ ಒಮ್ಮೆ ನೋಡಿ, ಸೀದಾ ಚಾಪೆಯ ಕಡೆ ನಡೆಯಿತು. ಮೊದಲು ಕಂಡದ್ದು ಸೊಸೆಗೆ. ಅಳುವಿನ ನಡುವೆಯೇ ಅವಳು ಹಿಂದೆ ಸರಿದಳು. ಮಗ ಸರಿದ. ನೆಂಟರು ಸರಿದರು. ನಿಲ್ಲಿಸಬಾರದು ಎಂಬ ಆಜ್ಞೆ ಇದ್ದುದರಿಂದ ಎಲ್ಲರೂ ಅಳುತ್ತಲೇ ಸರಿದರು. ಉಡ ಅಮ್ಮನ ಪಾದದ ಬಳಿ ನಿಂತು, ಹೆಬ್ಬೆರಳನ್ನು ನಾಲಿಗೆಯಿಂದ ಮುಟ್ಟಿತು.

ಹೆಣ ಒಂದು ಕಣ್ಣು ತೆರೆಯಿತು.

ಆಮೇಲೆ ಅಮ್ಮ ಎದ್ದದ್ದು ಯಾರಿಗೂ ಕಾಣಲಿಲ್ಲ. ಜಗಲಿಯಿಂದ ಹಾರಿದ್ದು ಕಂಡಿತು. ಮೂಗಿನಲ್ಲಿ ಹತ್ತಿ, ಕೊರಳಲ್ಲಿ ಹಾರ, ಒಂದು ಕೈಯಲ್ಲಿ ಸೆರಗು. ಬಾಡಿಗೆಗೆ ಬಂದವರಲ್ಲಿ ಇಬ್ಬರಿಗೆ ಉಡ ಕಂಡಿರಲಿಲ್ಲ, ಹೆಣ ಎದ್ದದ್ದು ಮಾತ್ರ ಕಂಡಿತ್ತು. ಅವರು ಗೇಟಿನಲ್ಲೂ ನಿಲ್ಲಲಿಲ್ಲ. ಚಾನೆಲಿನವನು ಕ್ಯಾಮೆರಾ ಸ್ಟ್ಯಾಂಡ್ ಹತ್ತಲು ನೋಡಿದ. ಖಾಲಿಯಾದ ಚಾಪೆಯ ಮೇಲೆ ಉಡ ದೀಪದ ಬೆಳಕಿನಲ್ಲಿ ನಿಧಾನಕ್ಕೆ ಮಲಗಿತು.

ನಿರ್ದೇಶಕರು ಮಾತ್ರ ಕ್ಯಾಮೆರಾ ಬಿಟ್ಟು ಕದಲಲಿಲ್ಲ. ಅದು ಏಳುವವರೆಗೂ ಕಾದರು. ಅವರು ನಗುವುದನ್ನು ಎರಡು ವರ್ಷದ ಮೇಲೆ ನಾನು ನೋಡಿದ್ದು ಅಂದೇ.

ಚಾನೆಲಿನವನು ಅದನ್ನೆಲ್ಲ ಕತ್ತರಿಸಿ, ಅಮ್ಮನ ಫೋಟೋಕ್ಕೆ ಹಾರ ಹಾಕಿ ಸೀರಿಯಲ್ ಮುಗಿಸಿದ. ಆದರೆ ಮೇಕಪ್ಪಿನವಳು ತನ್ನ ಫೋನಿನಲ್ಲಿ ತೆಗೆದಿದ್ದು ಮಂಗಳೂರು ದಾಟಿ ದುಬೈವರೆಗೆ ಹೋಯಿತು. ಮೂರನೇ ವರ್ಷದ ಕತೆಯನ್ನು ಪೂರ್ತಿ ನೋಡಿದವರು ಯಾರೂ ನನಗೆ ಇದುವರೆಗೆ ಸಿಕ್ಕಿಲ್ಲ. ಉಡವನ್ನು ನೋಡದವರು ಸಿಕ್ಕಿಲ್ಲ.

ವಾರ ಕಳೆಯುವ ಮೊದಲು ಚಾನೆಲಿನವನ ಫೋನು ಬಂತು. ನಿರ್ದೇಶಕರು ನನ್ನ ಅಂಗಡಿಯಲ್ಲೇ ಕೂತಿದ್ದರು. ಬ್ಯಾಂಕಿನಿಂದ ಫ್ಲಾಟಿನ ಪತ್ರ ಬಿಡಿಸಿಕೊಂಡು ಸೀದಾ ಬಂದದ್ದು. ಮತ್ತೊಂದು ವರ್ಷ ಮಾಡೋಣ ಸರ್, ಅತ್ತೆಯನ್ನು ಬದುಕಿಸೋಣ, ಉಡ ವಾರಕ್ಕೆ ಮೂರು ದಿನ ಇರಲಿ ಎಂದು ಅವನು ಹೇಳುತ್ತಿದ್ದುದು ನನಗೂ ಕೇಳಿಸಿತು.

ನಿರ್ದೇಶಕರು ಪೂರ್ತಿ ಕೇಳಿಸಿಕೊಂಡರು.

"ಉಡದ ಡೇಟ್ಸ್ ಇಲ್ಲ," ಎಂದು ಫೋನು ಇಟ್ಟರು.

ಇನ್ನು ಪಾಲಿನ ವಿಷಯ. ಲಾಭದಲ್ಲಿ ಕಾಲು ಎಂದರೆ ಮೊದಲು ಲಾಭ ಇರಬೇಕು. ಇರಲಿಲ್ಲ. ಬಿಲ್ಡರ್ ಮತ್ತೆ ಬಂದ, ಅವನಿಗೆ ಮತ್ತೆ ಚಾ ಕೊಟ್ಟೆ. ಗೋದಾಮನ್ನು ನಿರ್ದೇಶಕರೇ ಕೇಳಿದರು. ಒಂದು ಕ್ಯಾಮೆರಾ ಇಟ್ಟುಕೊಂಡು ಕಾದು ಕೂರಲಿಕ್ಕಂತೆ, ಅತ್ತೆ ಸೊಸೆ ಇಲ್ಲದೆ. ಈ ಸಲ ಪಾಲು ಬೇಡ, ತಿಂಗಳ ಬಾಡಿಗೆ ಕೊಡಿ ಎಂದೆ. ಕೊಡುತ್ತಿದ್ದಾರೆ.

ಒಟ್ಟಿನಲ್ಲಿ ಕೈಗೆ ಬಂದದ್ದು ಇಷ್ಟು: ಬತ್ತದ ಕೆರೆ ಒಂದು, ಫಲ ಬಿಡುವ ಮರ ಕೆಲವು, ಬಾಡಿಗೆ ಕೊಡುವ ಒಕ್ಕಲು ಒಬ್ಬರು, ಕೊಡದೆ ಕೂತವು ನವಿಲು ಐದು, ಉಡ ಒಂದು.