ನಾನು ಬಿಟ್ಟುಕೊಟ್ಟ ಸೀಟು

ಮಕ್ಕಳನ್ನು ಕಾಲೇಜಿಗೆ ಸೇರಿಸುವ ವಿಷಯದಲ್ಲಿ ದಾಂಡೇಲಿಯಲ್ಲಿ ನನ್ನಷ್ಟು ತಿಳಿದವರಿಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ನಾನು ಓದಿದ್ದು ಏಳನೇ ಇಯತ್ತೆ. ಆದರೆ ಓಡಿಸುವುದು ಆಟೋ. ಹಿಂದೆ ಕೂತ ಮಾಸ್ತರರ ಮಾತನ್ನು ವರ್ಷಗಟ್ಟಲೆ ಕೇಳಿಸಿಕೊಂಡವನಿಗೆ ಬೇರೆ ಪದವಿ ಯಾಕೆ ಬೇಕು?

ಮಗಳು ಸುಮಾ ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆದಳು. ಅವಳಿಗೆ ನರ್ಸಿಂಗ್ ಓದುವ ಆಸೆ. ನಮ್ಮ ಮನೆತನದಲ್ಲಿ ಆಸ್ಪತ್ರೆಗೆ ಹೋದವರು ಬಹಳ ಜನ; ಅಲ್ಲಿ ಪಗಾರ ತೆಗೆದುಕೊಳ್ಳಲು ಹೋದವರು ಒಬ್ಬರೂ ಇಲ್ಲ. ಅವಳೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಬೇಕಾದ ಸರ್ಕಾರಿ ಕಾಲೇಜುಗಳನ್ನು ಸಾಲಾಗಿ ಬರೆದಳು. ಮೊದಲು ಹುಬ್ಬಳ್ಳಿ, ಆಮೇಲೆ ಉಳಿದವು. ಮನೆಯಲ್ಲಿದ್ದ ಫೋನು ಒಂದೇ ಆದ್ದರಿಂದ ನಂಬರು ಮಾತ್ರ ನನ್ನದು.

ಸೀಟು ಹಂಚುವ ಹೊತ್ತಿಗೇ ನನ್ನ ತಂಗಿಗೆ ಹೆರಿಗೆಯಾಯಿತು. ಅವಳಿರುವುದು ಜೋಯಿಡಾದ ಕಾಡಿನೊಳಗಿನ ಊರಲ್ಲಿ. ಅಲ್ಲಿಗೆ ಸಿಗ್ನಲ್ಲು ಇನ್ನೂ ದಾರಿ ಹುಡುಕುತ್ತಿದೆ. ಬಾಣಂತಿಯ ಆರೈಕೆಗೆ ಸುಮಾ ಹೋಗಬೇಕಾಯಿತು.

"ಅಪ್ಪಾ, ಸೀಟು ಬಂದ್ರ ಸುಮ್ನ ನೋಡು. ಏನೂ ಒತ್ತಬ್ಯಾಡ. ಸೋಮವಾರ ಬರ್ತೇನಿ," ಎಂದಳು.

"ನನಗ ಹೇಳ್ತೀ ಏನು?" ಎಂದೆ.

ಮರುದಿನವೇ ಮೆಸೇಜು ಬಂತು. ಗದಗದಲ್ಲಿ ಸರ್ಕಾರಿ ಸೀಟು. ನಾನು ಆನ್‌ಲೈನ್ ಅಂಗಡಿಗೆ ಓಡಿದೆ. ಅಂಗಡಿಯ ರೇಣುಕಾ ಪರದೆ ತೋರಿಸಿ ವಿವರಿಸಿದರು. ಈ ಸೀಟು ಸಾಕು ಎಂದರೆ ಒಂದು ಗುಂಡಿ. ಫೀ ಕಟ್ಟಿ ಇದನ್ನು ಇಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದಾದರೆ ಇನ್ನೊಂದು. ಇದನ್ನು ಬಿಟ್ಟು ಕಾಯುವುದಾದರೆ ಮತ್ತೊಂದು. ಹುಬ್ಬಳ್ಳಿಗೆ ಹೋಗುವವರು ಗದಗಕ್ಕೆ ಯಾಕೆ ಫೀ ಕಟ್ಟಬೇಕು? ಬಿಡುವುದೆಂದು ತೀರ್ಮಾನಿಸಿದೆ.

"ಮಗಳನ್ನ ಕೇಳೀರೇನ್ರಿ?" ಎಂದರು ರೇಣುಕಾ.

"ಅಕಿ ಹುಬ್ಬಳ್ಳೀನ ಮೊದಲ ಬರದಾಳ್ರಿ."

"ಸಿಕ್ಕಿದ್ದು ಬಿಟ್ರ ಮತ್ತ ಸಿಗ್ತೈತಿ ಅಂತ ಹೇಳಾಕ ಬರೂದಿಲ್ಲಣ್ಣಾ."

"ಅಕಿ ಮಾರ್ಕ್ಸ್ ನೋಡ್ರಿ. ಇಂಥಾಕಿಗೆ ಸಿಗದ ಮತ್ತ ಯಾರಿಗೆ ಸಿಗಬೇಕು?"

ಅವರು ಪರದೆಯತ್ತ ತಿರುಗಿದರು. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಒಟಿಪಿ ಬಂತು. ನಾನು ಮೊದಲು ಓದಿ ಹೇಳಿದ್ದು ರಿಚಾರ್ಜ್ ಆಫರಿನ ಸಂಖ್ಯೆ, ಯಂತ್ರ ಒಪ್ಪಲಿಲ್ಲ. ದೇವರು ಅಷ್ಟರಮಟ್ಟಿಗೆ ಎಚ್ಚರಿಸಿದ್ದ. ನಾನು ಕನ್ನಡಕ ಏರಿಸಿ ಸರಿಯಾದ ಸಂಖ್ಯೆಯನ್ನೇ ಓದಿದೆ. ಆ ದಿನ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಬರುವಾಗ ಪೇಡೆ ಕೊಂಡು ಆಟೋ ಸ್ಟ್ಯಾಂಡಿಗೆಲ್ಲ ಹಂಚಿದೆ. ಉಳಿದದ್ದನ್ನು ಮನೆಗೆ ತಂದಾಗ ಹೆಂಡತಿ ಗಂಗವ್ವ ಕೇಳಿದಳು, "ಸೀಟು ಬಿಟ್ಟು ಬಂದೇನಿ ಅಂತೀರಿ, ಪೇಡೆ ಯಾತಕ್ಕರೀ?"

"ಮುಂದ ಬರೂ ಸೀಟಿಂದು," ಎಂದೆ.

ಸೋಮವಾರ ಸುಮಾ ಬಂದಳು. ಫೋನು ನೋಡಿ ಕಟ್ಟೆಯ ಮೇಲೆ ಕೂತಳು. "ಅಪ್ಪಾ, ಗದಗಾನೂ ನಾನ ಬರದಿದ್ದೆ. ಬ್ಯಾಡಾಗಿದ್ರ ಬರೀತಿದ್ನೇನು?" ಎಂದಳು. ಬೈದಿದ್ದರೆ ನಾನು ವಾದವನ್ನಾದರೂ ಮಾಡಬಹುದಿತ್ತು.

ಮುಂದಿನ ಸುತ್ತಿನಲ್ಲಿ ಹುಬ್ಬಳ್ಳಿ ಸಿಗಲಿಲ್ಲ. ಯಾವುದೂ ಸಿಗಲಿಲ್ಲ. ಖಾಸಗಿ ಕಾಲೇಜಿನ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತುವುದಕ್ಕೂ ಒಂದು ಅಂತಸ್ತು ಬೇಕು.

ಆಗಲೂ ನನ್ನ ಆತ್ಮವಿಶ್ವಾಸ ಪೂರ್ತಿ ಸತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಂಗಿ ಕಳಿಸಿದ್ದ ಜೇನುತುಪ್ಪದ ಬಾಟಲಿ ಹಿಡಿದು ಗದಗಕ್ಕೆ ಹೊರಟೆ. ಪ್ರಿನ್ಸಿಪಾಲರ ಮನಸ್ಸು ಕರಗಿಸುವುದು ನನ್ನ ಘನ ಯೋಜನೆ. ಆದರೆ ಅವರವರೆಗೆ ಹೋಗುವ ಪ್ರಸಂಗವೇ ಬರಲಿಲ್ಲ. ಕಚೇರಿಯಲ್ಲಿದ್ದ ಹೆಣ್ಣುಮಗಳು ಸಮಾಧಾನದಿಂದ ಹೇಳಿದರು, "ಸೀಟು ನಾವು ಕೊಡೂದಲ್ರಿ. ನೀವ ಬಿಟ್ಟೀರಿ, ಮುಂದಿನವ್ರಿಗೆ ಹೋತು."

ಹೊರಗೆ ಅಂಗಳದಲ್ಲಿ ಒಬ್ಬ ಮನುಷ್ಯ ಮಗಳ ಜೊತೆ ನಿಂತು ದೊಡ್ಡ ಟ್ರಂಕಿನೊಂದಿಗೆ ಹೆಣಗುತ್ತಿದ್ದ. ಮುಂಡಗೋಡದ ಹತ್ತಿರದ ಸನವಳ್ಳಿಯವನು, ಇಟ್ಟಿಗೆ ಕಟ್ಟುವ ಗೌಂಡಿ ಕೆಲಸದವನು. ನಾನೂ ಅವನ ಜಿಲ್ಲೆಯವನೇ ಎಂದು ತಿಳಿದು ಮುಖ ಅರಳಿಸಿದ.

"ಎರಡನೇ ಸುತ್ತಿನಾಗ ಸಿಕ್ತರಿ. ಯಾರೋ ಪುಣ್ಯಾತ್ಮರು ಬಿಟ್ಟಿದ್ರಂತ," ಎಂದ.

ನನ್ನನ್ನು ಪುಣ್ಯಾತ್ಮ ಎಂದು ಕರೆದದ್ದು ಅದೇ ಮೊದಲು.

"ನಿಮ್ಮ ಮಗಳೂ ಇಲ್ಲೇ ಏನ್ರಿ?"

"ಇಲ್ರಿ. ನಾ ಸುಮ್ನ ಬಂದಿದ್ದೆ."

ಟ್ರಂಕಿನ ಒಂದು ಹಿಡಿಕೆ ನಾನು ಹಿಡಿದೆ. ಹಾಸ್ಟೆಲ್ಲಿನ ಬಾಗಿಲ ತನಕ ಇಬ್ಬರೂ ಹೊತ್ತೆವು. ಜೇನುತುಪ್ಪವನ್ನು ಹುಡುಗಿಯ ಕೈಗಿಟ್ಟೆ. ಅವಳು ಬಾಗಿ ಕಾಲು ಮುಟ್ಟಿದಳು. "ಚಲೋತ್ನಂಗ ಓದವ್ವಾ," ಎಂದೆ.

ಸುಮಾಳನ್ನು ಹಳಿಯಾಳದ ಡಿಗ್ರಿ ಕಾಲೇಜಿಗೆ ಹಚ್ಚಿದೆವು. ಅಷ್ಟೊತ್ತಿಗೆ ಅಲ್ಲಿ ವಿಜ್ಞಾನ ತುಂಬಿ, ಬಿ.ಎ. ಮಾತ್ರ ಉಳಿದಿತ್ತು.

"ಬರೂ ವರ್ಷ ಮತ್ತ ನೋಡೂಣು," ಎಂದೆ. ಅವಳು ಕಾಲೇಜಿನ ಅರ್ಜಿ ತುಂಬುತ್ತಲೇ ಇದ್ದಳು.

ಕಚೇರಿಯವರು ಪಾಲಕರ ಸಹಿ ಬೇಕೆಂದರು. ಸುಮಾ ಪೆನ್ನು ಕೊಟ್ಟು, ಸಹಿ ಮಾಡುವ ಜಾಗವೊಂದನ್ನು ಬಿಟ್ಟು ಉಳಿದ ಹಾಳೆಯನ್ನೆಲ್ಲ ಅಂಗೈಯಿಂದ ಮುಚ್ಚಿದಳು. ನಾನು ಉಸಿರು ಬಿಗಿಹಿಡಿದು ಅಷ್ಟರಲ್ಲೇ ಸಹಿ ಮಾಡಿದೆ. ಕಡೆಯ ಅಕ್ಷರ ಮಾತ್ರ ಅವಳ ಬೆರಳಿನ ಮೇಲೆ ಹೋಯಿತು.